ಮಾಳಿಗಿ ಮ್ಯಾಲಿನ ಅಲಮಾರಿ

ಬ್ರಹ್ಮಪುರದ ಓಣಿಯಾಗ, ಬಿಸಿಲು ಏರೋ ಹೊತ್ತಿಗೆ
ನಮ್ಮ ಮನಿಗೆ ಬಂತು ಹೊಸ ಅಲಮಾರಿ.
ಕದ ತಗದರ
ಒಳಗಿಂದ ಏನೋ ಕಣ್ಣಿಗೆ ಚುಚ್ಚಿತು.

"ಹೊಸದರ ವಾಸನಿ, ಇರ್ತದ" ಅಂದರು ಅತ್ತಿ.
ನಾನು ಊದಬತ್ತಿ ಹಚ್ಚಿದೆ, ಮ್ಯಾಲ ಸ್ಪ್ರೇ ಹೊಡದೆ,
ಸೀರಿ ಮಡಿಕಿಗೆ ನುಸಿಗುಳಿಗಿ ಇಟ್ಟೆ,
ಧೂಳು ಬರ್ತದಂತ ಕಿಡಕಿ ಹಾಕಿದೆ.
ಒಂದು ವಾಸನಿ ಮುಚ್ಚಲಿಕ್ಕ ಇನ್ನೊಂದು,
ಸುಳ್ಳಿಗೆ ಸುಳ್ಳಿನ ತ್ಯಾಪಿ.

ಮೂರನೇ ರಾತ್ರಿ ಸುಗಲಾ ಕೆಮ್ಮಿ ಎದ್ದಳು,
ಎರಡು ವರ್ಷದಾಕಿ, ಕಣ್ಣು ಉಜ್ಜಿಕೋತ
ಅಲಮಾರಿ ಕಡಿ ಬಟ್ಟು ಮಾಡಿ
"ಖಾರಾ" ಅಂದಳು.

ಇಮಾಮಸಾಬ ಬಂದ, ಖಾನಿಯಾಗ ಮೂಗಿಟ್ಟ.
"ಇದು ಕಟಗಿ ಅಲ್ರಿ ತಾಯಿ, ಹೊಟ್ಟು, ಅಂಟು.
ಅಂಟು ಇನ್ನಾ ಉಸುರು ಬಿಡ್ಲಿಕತ್ತದ.
ನನ್ನ ಎದಿಗೆ ಕಿವಿ ಇಟ್ಟು ನೋಡ್ರಿ,
ಮೂವತ್ತು ವರ್ಷದ್ದು ಅದ ಅದರಾಗ."

ನಾಲ್ವರು ಹಿಡದು ಮಾಳಿಗಿಗೆ ಏರಿಸಿದ್ವಿ.
ಹುಟ್ಟಿದಾಗಿಂದ ಕಲಬುರಗಿ ಬಿಸಿಲಿಗೆ ಬೈದಾಕಿ ನಾನು
ಕದ ತೆರದು, ಖಾನಿ ಹೊರಗೆಳದು
ನಿಂದೇ ಕೆಲಸ, ಮಾಡಪ್ಪ ಅಂದೆ.
ಹನ್ನೆರಡು ದಿನ.
ಅಂಚಿನ ಹಾಳಿ ಎದ್ದಿತು,
ಕನ್ನಡಿಯಾಗ ಹದ್ದು ಹಾರಿದವು.

ಕೆಳಗ ಕಿಡಕಿ ತಗದೆ. ಧೂಳು ಬಂತು,
ಶಹಾಬಾದ ಕಲ್ಲಿನ ಮ್ಯಾಲ ಕೂತಿತು, ಕಣ್ಣಿಗೆ ಕಂಡಿತು.
ಕಂಡದ್ದು ಒರಸಬಹುದು.

ಸೀರಿ ತಿರುಗಿ ಹಳೇ ಟ್ರಂಕಿಗೆ ಹೋಗ್ಯಾವ, ಬೇವಿನೆಲಿ ಜೋಡಿ.
ದಿನಾ ಸಂಜಿಗೆ ಸುಗಲಾನ ಎತಗೊಂಡು ಮ್ಯಾಲ ಹೋಗ್ತೀನಿ.
ಖಾನಿಯಾಗ ಮೂಗು ಇಡ್ತಾಳ,
ಇಮಾಮಸಾಬನಂಗ ಹುಬ್ಬು ಗಂಟ ಹಾಕಿ,
ತಲಿ ಅಲ್ಲಾಡಿಸ್ತಾಳ:
ಇನ್ನಾ ಇಲ್ಲ.