ಮೊಗ್ರಾಲ್ ಸೇತುವೆಯವರೆಗೆ

ನಮ್ಮ ಕನ್ನಡಕದಂಗಡಿಯ ಗೋಡೆಯಲ್ಲಿ ಎರಡು ಪಟ.
ಒಂದು ಕನ್ನಡದ್ದು, ಅಂಚು ಹಳದಿಯಾದದ್ದು.
ಇನ್ನೊಂದು ಮಲಯಾಳದ್ದು.
ಹದಿನಾಲ್ಕು ವರ್ಷ ಕೋಲು ಹಿಡಿದು ತೋರಿಸಿದ್ದೇನೆ,
'ಇದು ಕಾಣ್ತದಾ? ಇದು? ಇದರ ಕೆಳಗಿನದ್ದು?'
ಎರಡನೆಯದನ್ನು ನಾನು ಓದುತ್ತಿರಲಿಲ್ಲ.
ಸಾಲು ಸಾಲಾಗಿ ಬಾಯಿಪಾಠ, ಮಗ್ಗಿಯ ಹಾಗೆ.

ಒಂದು ಸೋಮವಾರ ಮಾಲೀಕರು ಹೊಸ ಪಟ ತೂಗಿಸಿದರು.
ಅಕ್ಷರಗಳೆಲ್ಲ ಜಾಗ ಬದಲಿಸಿದ್ದವು.
ಕುರ್ಚಿಯ ಹುಡುಗ ಏನೋ ಅಂದ.
ನಾನು 'ಸರಿ' ಅಂದೆ.
ಅವನ ತಾಯಿ ನನ್ನ ಮುಖ ನೋಡಿದಳು,
ಕಣ್ಣು ಕಾಣದ್ದು ಯಾರಿಗೆ ಎಂದು
ಪುಣ್ಯಕ್ಕೆ ಕೇಳಲಿಲ್ಲ.

ಆ ರಾತ್ರಿ ಹಳೆಯ ಬಿಲ್ ಪುಸ್ತಕದ ಬೆನ್ನಿಗೆ ಬರೆದೆ:
ನಾಲ್ಕು ಗಂಟೆಗೆ ಏಳುವುದು.
ದಿನಕ್ಕೆ ಎರಡು ತಾಸು ಮಲಯಾಳ.
ಓಣಂ ಒಳಗೆ ಪೇಪರು ಓದುವುದು.
ಪಿ.ಎಸ್.ಸಿ.ಗೆ ಕಟ್ಟುವುದು.
ಹೇಗೂ ಬರೆಯುತ್ತಿದ್ದೇನಲ್ಲ ಎಂದು,
ಸಕ್ಕರೆ ಬಿಡುವುದು.

ನಾಲ್ಕು ದಿನ ನಡೆಯಿತು.
ಐದನೆಯ ದಿನ ಅಲಾರಂ ಕೇಳಲಿಲ್ಲ,
ಫೋನು ಅಕ್ಕಿ ಡಬ್ಬದಲ್ಲಿ ಸಿಕ್ಕಿತು.
ನಿದ್ದೆಗಣ್ಣಲ್ಲಿ ಇಟ್ಟವಳು ನಾನೇ.
ಆ ಚೀಟಿ ಯಾರದೋ ಚಾಳೀಸಿಗೆ ಸುತ್ತಿ ಹೋಯಿತು.

ಮತ್ತೆ ಶುರುವಾದದ್ದು ನಾಚಿಕೆಯಾಗುವಷ್ಟು ಸಣ್ಣದಾಗಿ.
ಕುಂಬಳೆಯಲ್ಲಿ ಬಸ್ಸು ಹತ್ತಿದರೆ
ಮೊಗ್ರಾಲ್ ಸೇತುವೆಗೆ ಹತ್ತು ನಿಮಿಷ.
ಅಷ್ಟೇ. ಒಂದನೇ ಕ್ಲಾಸಿನ ಪುಸ್ತಕ.
ಸೇತುವೆಯ ಮೊದಲ ಕಂಬ ಕಂಡರೆ ಮುಚ್ಚಬೇಕು,
ಓದಲು ಆಸೆಯಿದ್ದರೂ ಮುಚ್ಚಬೇಕು,
ಇದು ನಾನು ನನಗೆ ಹಾಕಿದ ಕಾನೂನು.
ಉಳಿದ ಆಸೆ ನಾಳೆ ಸ್ಟಾಪಿನಲ್ಲಿ
ನನಗಿಂತ ಮೊದಲು ಬಂದು ನಿಂತಿರುತ್ತಿತ್ತು.

ಓದಿದ ದಿನ ಸೊಸೈಟಿಯ ಕ್ಯಾಲೆಂಡರಿಗೆ ಒಂದು ಗೀಟು.
ಜ್ವರ ಬಂದು ಹನ್ನೊಂದು ಚೌಕ ಖಾಲಿ.
ನಾದಿನಿಯ ಮದುವೆ, ಮೂರು.
ಸುಮ್ಮನೆ ಕಿಟಕಿಯ ಹೊರಗೆ ನೋಡಿದ್ದು,
ಅದು ಎಷ್ಟೋ, ಎಣಿಸಲಿಲ್ಲ.

ಒಂದು ಅಕ್ಷರ ಮಾತ್ರ ಬಗ್ಗಲಿಲ್ಲ.
ಮಳೆಗೆ ಅವರು ಹೇಳುವ 'ಮೞ'ದೊಳಗಿನದು.
ಪಕ್ಕದ ಸೀಟಿನ ಸಫ್ವಾನಾ, ಪ್ಲಸ್ ಟು, ಪಾಠ ಹೇಳಿದಳು:
'ವಾರಿಜೇಚ್ಚೀ, ನಾಲಿಗೆ ಹಿಂದಕ್ಕೆ ಮಡಚಿ.
ಹಲ್ಲಿಗೆ ತಾಗಬಾರದು, ಮೇಲೆಯೂ ತಾಗಬಾರದು.'
ಎಲ್ಲಿಗೂ ತಾಗದೆ ನಾಲಿಗೆ ಏನು ಮಾಡುವುದು ಮಾರಾಯ್ತಿ?
ಅವಳಿಗೆ ನಗು. 'ನಮ್ಮ ಮನೆಯಲ್ಲಿ ಮಯ ಅಂತಲೇ ಹೇಳುವುದು.
ಇದು ಪರೀಕ್ಷೆಗೆ.'

ಕನ್ನಡಿಯ ಮುಂದೆ, ಒಗೆಯುವ ಕಲ್ಲಿನ ಮುಂದೆ,
ಗಾಜು ಒರೆಸುತ್ತಾ, ಬಾಯೊಳಗೇ ಕೋೞಿ, ಪುೞ, ವೞಿ.
ಕನ್ನಡಕ ಬದಲಿಸಲು ಬಂದ ಐತಪ್ಪ ಮಾಸ್ಟ್ರು
ಕಿವಿ ಕೊಟ್ಟು ನಿಂತರು.
'ಇದು ನಮ್ಮದೂ ಆಗಿತ್ತು ವಾರಿಜ.
ಹಳಗನ್ನಡದಲ್ಲಿ ಮೞೆ, ಪೊೞೆ, ಕೋೞಿ.
ನಾವು ಬಳಸುವುದು ಬಿಟ್ಟೆವು. ಬಿಟ್ಟದ್ದು ಹೋಯಿತು.'
ಬಿಲ್ಲಿನ ಹಿಂದೆ ಬರೆದು ತೋರಿಸಿದರು: ೞ.
ನೋಡುತ್ತಾ ಕೂತೆ. ಚಿಲ್ಲರೆ ಕೊಡಲು ಮರೆತೆ.

ಪರೀಕ್ಷೆ ಬರೆದೆ. ಪಟ್ಟಿಯಲ್ಲಿ ಹೆಸರಿರಲಿಲ್ಲ.
ಎರಡು ದಿನ ಬಸ್ಸಲ್ಲಿ ನಿದ್ದೆ ಮಾಡಿದೆ.
ಮೂರನೆಯ ದಿನ ಚೀಲದಲ್ಲಿ ಕೈ ತಾನೇ ಪುಸ್ತಕ ಹುಡುಕಿತು,
ಅದಕ್ಕೆ ಪಟ್ಟಿಯ ಸುದ್ದಿ ಯಾರೂ ಹೇಳಿರಲಿಲ್ಲ.

ಈಗ ಪೇಪರಿನ ದೊಡ್ಡಕ್ಷರ ಓದುತ್ತೇನೆ,
ಸಣ್ಣದನ್ನು ಬೆರಳಿಟ್ಟು.
ಕುರ್ಚಿಯಲ್ಲಿ ಯಾರು ತಪ್ಪಿದರೂ ಗೊತ್ತಾಗುತ್ತದೆ.
ಚಹಾಕ್ಕೆ ಸಕ್ಕರೆ ಎರಡು ಚಮಚ.

ನಿನ್ನೆ ಹೆದ್ದಾರಿ ಕೆಲಸ. ಸೇತುವೆಗೆ ಮುಂಚೆ
ಬಸ್ಸು ನಿಂತದ್ದು ನಿಂತೇ ಹೋಯಿತು.
ಕಂಡಕ್ಟರ್ ಇಳಿದು ಬೀಡಿ ಹಚ್ಚಿದ.
ಮುಂದಿನ ಸೀಟಿನವರು ಸರಕಾರವನ್ನು ಬೈದರು.
ನನ್ನ ಕಾನೂನಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ.
ತಲೆ ಎತ್ತಿ ನೋಡಿದೆ, ಲಾರಿಗಳ ಬೆನ್ನು,
ಕಂಬ ಕಾಣುವುದಿಲ್ಲ.
ಪುಟ ತಿರುಗಿಸಿದೆ.