ಸೊನ್ನೆ ಅಂಕ

ಗ್ರಿಮ್ಸ್‌ಬಿಯ ಆಸ್ಪತ್ರೆ, ಮೂರನೆಯ ಮಹಡಿ.
ಮೂಡಗಾಳಿ ಬೀಸಿದ ದಿನ
ಕಿಟಕಿ ತೆರೆದರೆ ಈಗಲೂ ಮೀನಿನ ವಾಸನೆ.
ದೋಣಿಗಳು ಹೋಗಿ ನಲವತ್ತು ವರ್ಷ,
ವಾಸನೆಗೆ ಮಾತ್ರ ನಿವೃತ್ತಿಯಿಲ್ಲ.

ಏವ್ರಿಲ್ ಬ್ಲಾಂಚರ್ಡ್, ಎಪ್ಪತ್ತೊಂಬತ್ತು.
ಪಾರ್ಶ್ವವಾಯು ಬಡಿದು ಆರನೇ ವಾರ.
ಎಡಗೈ ತೊಡೆಯ ಮೇಲೆ
ಯಾರೋ ಬಸ್ಸಿನಲ್ಲಿ ಮರೆತ ಕೈಗವಸಿನ ಹಾಗೆ.
"ಇದು ಯಾರದು?" ಎಂದು ಮೊದಲ ದಿನ ಕೇಳಿದ್ದರು,
ತಮಾಷೆಗಲ್ಲ.
ನಂಬಿದ್ದು ಮೋಸ ಮಾಡಿದರೆ
ಕೈ ಕೊಟ್ಟಿತು ಅನ್ನುತ್ತೇವಲ್ಲ ನಾವು,
ಇಲ್ಲಿ ಕೈಯೇ ಕೈ ಕೊಟ್ಟಿದೆ.
ಇದನ್ನು ಇಂಗ್ಲಿಷಿನಲ್ಲಿ ಹೇಳಹೋಗಿ
ಸೋತು, ಸುಮ್ಮನೆ
ಮಣಿಕಟ್ಟಿಗೆ ಪಟ್ಟಿ ಬಿಗಿದೆ.

ಕಣ್ಣಿಗೆ ಕಟ್ಟುವ ಕಪ್ಪು ಡಬ್ಬಿ. ಒಳಗೊಂದು ಕಡಲು.
ಎಡದಿಂದ ಮೀನು ಬರುತ್ತವೆ, ಎಡದಿಂದಲೇ,
ಯಾಕೆಂದರೆ ಅವರ ಲೋಕದಲ್ಲಿ
ಎಡ ಎಂಬುದೇ ಅಳಿಸಿಹೋಗಿದೆ:
ತಟ್ಟೆಯ ಬಲಗಡೆಯ ಬಟಾಣಿ ತಿಂದು
ಊಟವಾಯಿತು ಎನ್ನುತ್ತಾರೆ.
ಮೀನು ಮುಟ್ಟಿದರೆ ಹತ್ತು ಅಂಕ, ಗಂಟೆಯ ಸದ್ದು.
ಒಂದು ಗುಟ್ಟಿದೆ.
ಹೊರಗೆ ಕೈ ಕಾಳಿನಷ್ಟು ಅಲುಗಿದರೆ
ಒಳಗೆ ಗೇಣುದ್ದ ಚಾಚುತ್ತದೆ.
ಸುಳ್ಳು. ನನಗೆ ಗೊತ್ತು, ಮೆದುಳಿಗೆ ಗೊತ್ತಿಲ್ಲ.
ಮಗು ಮೊದಲ ಹೆಜ್ಜೆಯಿಡುವಾಗ
ಹಿಡಿದೂ ಹಿಡಿಯದಂತೆ ಬೆರಳು ಕೊಡುತ್ತೇವಲ್ಲ,
ಅಂಥ ಸುಳ್ಳು.

"ಇದೆಂಥ ಮೀನೇ ಹುಡುಗಿ?" ಎಂದರು ಏವ್ರಿಲ್.
"ಕಿತ್ತಳೆ ಮೈ, ಮೇಲೆ ರೆಪ್ಪೆಗೂದಲು ಬೇರೆ!
ನಮ್ಮ ಕಡಲಲ್ಲಿ ಇಂಥದ್ದು ಹುಟ್ಟಿಲ್ಲ.
ಹುಟ್ಟಿದ್ದರೆ ನಾನು ಸೀಳಿರುತ್ತಿದ್ದೆ."
ಮೂವತ್ತೊಂದು ವರ್ಷ ಕಾಡ್, ಹ್ಯಾಡಕ್ ಸೀಳಿದವರು,
ಮಂಜುಗಡ್ಡೆಯ ನೀರಲ್ಲಿ ನಿಂತು,
ಪೆಟ್ಟಿಗೆ ಲೆಕ್ಕದ ಕೂಲಿಗೆ.
ನಾನೋ ಗದಗಿನ ಕಡೆಯವಳು,
ಮೀನೆಂದರೆ ಪಂಚಾಂಗದ ಕೊನೆಯ ರಾಶಿ.
ಎಲ್ಲ ಬಲ್ಲವಳಂತೆ ತಲೆಯಾಡಿಸಿದೆ.

ನಾಲ್ಕು ದಿನದ ಅಂಕ: ಹತ್ತು, ಸೊನ್ನೆ, ಇಪ್ಪತ್ತು, ಹತ್ತು.
ಪಕ್ಕದ ಹಾಸಿಗೆಯಲ್ಲಿ ಬೈಕಿನಿಂದ ಬಿದ್ದ ಹುಡುಗ
ಎಂಟುನೂರು ದಾಟಿ ಬೀಗುತ್ತಿದ್ದ.

ಐದನೇ ದಿನ ಗಂಟೆ ಕೇಳಲೇ ಇಲ್ಲ.
ಪರದೆಯಲ್ಲಿ ಮೀನು ಬಂದವು, ಹೋದವು,
ಒಂದನ್ನೂ ಮುಟ್ಟಲಿಲ್ಲ ಏವ್ರಿಲ್.
ಬೇಸರವಾಯಿತೇನೋ ಎಂದು
ಡಬ್ಬಿ ಬಿಚ್ಚಲು ಬಗ್ಗಿದವಳು
ಕೈ ನೋಡಿದೆ. ಒಳಗಿನದಲ್ಲ, ತೊಡೆಯ ಮೇಲಿನದು.
ಕಿವಿರಿನೊಳಗೆ ತೂರುವಂತೆ ಹೆಬ್ಬೆರಳು ಮಡಚಿ,
ಅಂಗೈ ಒತ್ತಿ,
ಹೊರಳಿಸಿ,
ಮತ್ತೆ ಒತ್ತಿ.
ಬಲಗೈ ಇಲ್ಲದ ಚಾಕುವನ್ನು
ಬಾಲದ ತನಕ ಎಳೆಯುತ್ತಿತ್ತು, ಒಂದೇ ಎಳೆತ.
ಸೀಳುವ ಕೈಗೆ ಹೆಸರು, ಹಿಡಿಯುವ ಕೈಗೆ ಚಳಿ
ಎಂದು ಒಮ್ಮೆ ಅವರೇ ಅಂದಿದ್ದರು.

"ಏವ್ರಿಲ್..." ಎಂದೆ.
"ಮಾತಾಡಿಸಬೇಡ. ಪೆಟ್ಟಿಗೆ ತುಂಬಿಲ್ಲ ಇನ್ನೂ."

ಆಟ ಮುಗಿದು ಪರದೆ ಬರೆಯಿತು:
ಸೊನ್ನೆ. ಮತ್ತೆ ಪ್ರಯತ್ನಿಸಿ.
ನನ್ನ ಫಾರಂನಲ್ಲಿ ಅಂಕಕ್ಕೆ ಒಂದೇ ಕಾಲಂ.
ಸೊನ್ನೆ ಬರೆದೆ. ಅಂಚಿನಲ್ಲಿ, ಪೆನ್ಸಿಲಿನಲ್ಲಿ,
ಎಡಗೈ, ಹನ್ನೊಂದು ಮೀನು.
ಲೀಡ್ಸ್‌ನಿಂದ ಆಟ ಕಟ್ಟಿದ ಹುಡುಗನ ಫೋನು:
"ಹಿಡಿದು ಹೊರಳಿಸುವುದನ್ನು ನಾವು ಬರೆದೇ ಇಲ್ಲವಲ್ಲ,
ಯಾರು ಕಲಿಸಿದರು?"
ಕಡಲು ಅನ್ನಲೇ, ಕೂಲಿ ಅನ್ನಲೇ?
ಒಮ್ಮೆ ಬಂದು ನೋಡಿ, ಅಂದೆ.

ಸಂಜೆ ಚಹಾದ ಕಪ್ಪು
ಅದೇ ಕೈಯಿಂದ ಜಾರಿ ಚೂರಾಯಿತು.
ಏವ್ರಿಲ್ ತಿರುಗಿದರು,
ಎಡಕ್ಕೆ, ಪೂರ್ತಿ ಎಡಕ್ಕೆ.
ನೆಲ ನೋಡಲಿಲ್ಲ, ಕೈ ನೋಡಿದರು,
ಬಹಳ ಹೊತ್ತು.
"ನನ್ನದೇ," ಎಂದರು. "ದರಿದ್ರದ್ದು."