ಹೊತ್ತು

ವಾಲ್ಪರೈಸೊ ಬಂದರಿನ ಹಿಂದಿನ ಗುಡ್ಡದಲ್ಲಿ
ಹಳಿಯ ಮೇಲೆ ಓರೆಯಾಗಿ ಹತ್ತುವ ಹಳೇ ಲಿಫ್ಟು
ಕೆಟ್ಟು ಕೂತ ಮಂಗಳವಾರ
ನೋಲ್ಫಾ ಮೊದಲ ಸಲ ಮೆಟ್ಟಿಲು ಎಣಿಸಿದಳು.
ಇನ್ನೂರ ಹದಿನಾಲ್ಕು.
ಬುಧವಾರ ಎಣಿಸಿದರೆ ಇನ್ನೂರ ಹದಿನಾರು.
ಗುಡ್ಡ ರಾತ್ರೋರಾತ್ರಿ ಬೆಳೆಯುವುದಿಲ್ಲ, ಗೊತ್ತು.
ಕೈಯಲ್ಲಿ ಐದು ಕಿಲೋ ಆಲೂಗಡ್ಡೆ ಇತ್ತು.

‘ಒಂದು ವಾರ’ ಎಂದಿತ್ತು ಗೇಟಿಗೆ ಅಂಟಿಸಿದ ಚೀಟಿ.
ಬಿಸಿಲಿಗೆ ವಾರ ಮಾಸಿಹೋಗಿ
‘ಒಂದು’ ಮಾತ್ರ ಉಳಿಯಿತು.

ಮೊದಲ ತಿಂಗಳು ಎಲ್ಲವನ್ನೂ ಹೊತ್ತಳು.
ಹಿಟ್ಟು, ಮೀನು, ಗಿರಾಕಿಗಳ ಪ್ಯಾಂಟು,
ಪಾದ್ರಿಯ ನಿಲುವಂಗಿ,
ಮದುವೆ ಗೌನಿನ ಆರು ಮೊಳದ ಬಾಲ,
ಎಲ್ಲ ಮೇಲಕ್ಕೆ. ರಾತ್ರಿಯಿಡೀ ಹೊಲಿದು
ಬೆಳಿಗ್ಗೆ ಎಲ್ಲ ಕೆಳಕ್ಕೆ.
ಹೊತ್ತು ಹೊತ್ತು ಹೊತ್ತು ಹೋಯಿತು.
ಹೆಗಲಿಗೂ ಅದೇ ಪದ, ಗಡಿಯಾರಕ್ಕೂ ಅದೇ.
ಅವಳ ಭಾಷೆಯಲ್ಲಿ ಹಾಗಿಲ್ಲ;
ಅವಳ ಮೊಣಕಾಲಿಗೆ ಮಾತ್ರ
ನನ್ನ ಭಾಷೆ ಅರ್ಥವಾಗುತ್ತಿತ್ತು.

ಎರಡನೇ ತಿಂಗಳು
ಎಪ್ಪತ್ತನೆಯ ಮೆಟ್ಟಿಲು ಪ್ರಶ್ನೆ ಕೇಳತೊಡಗಿತು.
ಈ ಪಿಂಗಾಣಿ ಬಾತುಕೋಳಿ ಯಾಕೆ?
ಎರಡು ಕೊಂಡರೆ ಒಂದು ಉಚಿತ ಸಾಬೂನು,
ಉಚಿತವೆಂದು ಅದೇನು ತೂಗದೆ ಇರುತ್ತದೆಯೇ?
ಎದೆಲ್ಮಿರಾ ಅಜ್ಜಿಯ ಔಷಧಿ ಒಯ್ಯುವ ದಿನ ಮಾತ್ರ
ಮೆಟ್ಟಿಲು ತೆಪ್ಪಗಿತ್ತು.

ಒಂದು ಶನಿವಾರ ಇಬ್ಬರು ಹುಡುಗರಿಗೆ ಕಾಸು ಕೊಟ್ಟು
ಕಬ್ಬಿಣದ ಕಾಲಿನ ಹೊಲಿಗೆ ಯಂತ್ರವನ್ನೇ ಕೆಳಗಿಳಿಸಿದಳು.
ಮೀನಂಗಡಿಯವನು ಪುಕ್ಕಟೆ ಜಾಗ ಕೊಡುತ್ತೇನೆಂದ.
ಪಾದ್ರಿಯ ನಿಲುವಂಗಿ ಬಂಗಡೆ ನಾರಬಾರದೆಂದು
ಬೀಗದ ಕೈ ಮಾಡುವ ರೊಸಾಮೆಲ್‌ನ ಅಂಗಡಿಯ ಮೂಲೆ ಹಿಡಿದಳು,
ತಿಂಗಳಿಗೆ ಅವನ ಎರಡು ಅಂಗಿಯ ಗುಂಡಿ ಬಾಡಿಗೆ.
ಆರು ಗಂಟೆಗೆ ಯಂತ್ರಕ್ಕೆ ಮುಸುಕು.
ಕಂಕುಳಲ್ಲಿ ಒಂದು ಬ್ರೆಡ್ಡು. ಅಷ್ಟೇ.

ಮನೆಯಲ್ಲಿ, ಯಂತ್ರವಿದ್ದ ಕಡೆ
ನೆಲದಲ್ಲಿ ನಾಲ್ಕು ಗುಳಿ.
ಬಿಡುವು ಹೊಸ ಚಪ್ಪಲಿಯ ಹಾಗೆ ಕಚ್ಚಿತು.
ತೊಳೆದ ತಟ್ಟೆ ಮತ್ತೆ ತೊಳೆದಳು.
ಕುದಿದ ನೀರು ಮತ್ತೆ ಕುದಿಸಿದಳು.
ಕೊನೆಗೆ ತಾಲ್ಕಾದಲ್ಲಿರುವ ತಂಗಿಗೆ ಫೋನು.
‘ಏನಾಯಿತೇ?’
‘ಏನೂ ಇಲ್ಲ.’
‘ಏನೂ ಇಲ್ಲದೆ ಫೋನು ಮಾಡುವವಳಲ್ಲ ನೀನು.
ಯಾರು ಸತ್ತರು, ಹೇಳು.’
ಯಾರೂ ಸತ್ತಿಲ್ಲವೆಂದು ನಂಬಿಸುವುದಕ್ಕೆ
ಹತ್ತು ನಿಮಿಷ ಹಿಡಿಯಿತು.
ಆಮೇಲಿನ ನಲವತ್ತು,
ಅಮ್ಮ ಕ್ವಿನ್ಸ್ ಹಣ್ಣಿನ ಜಾಮಿಗೆ
ಸಕ್ಕರೆ ಮೊದಲು ಹಾಕುತ್ತಿದ್ದಳೋ ಆಮೇಲೋ ಎಂಬ ಜಗಳ.
ಇನ್ನೂ ತೀರ್ಮಾನವಾಗಿಲ್ಲ.
ಪ್ರತಿ ಗುರುವಾರ ಮುಂದುವರಿಯುತ್ತದೆ.

ಜುಲೈ ಮಳೆಗೆ ಎರಡು ಸಲ ಜಾರಿಬಿದ್ದಳು,
ನಗರಸಭೆಯವರ ಏಳು ತಲೆಮಾರಿಗೆ ಬೈದಳು.
ಅದನ್ನೂ ಬರೆಯಬೇಕು.

ಹನ್ನೊಂದು ತಿಂಗಳಾದ ಮೇಲೆ ಲಿಫ್ಟು ಓಡಿತು.
ಹಳದಿ ಬಣ್ಣ, ರಿಬ್ಬನ್ನು, ಬ್ಯಾಂಡು.
ಎದೆಲ್ಮಿರಾ ಅಜ್ಜಿ ಮೂರು ಸಲ ಇಳಿದು ಹತ್ತಿದಳು,
ಸುಮ್ಮನೆ.
ನೋಲ್ಫಾ ಹೊಸ ಗ್ಯಾಸ್ ಸಿಲಿಂಡರನ್ನು ಒಳಗಿಟ್ಟು
ಅದಕ್ಕೊಂದು ಟಿಕೆಟ್ ತೆಗೆದಳು.
‘ನೀವು?’ ಎಂದ ಗಾಡಿಯ ಹುಡುಗ.
‘ನೀವಿಬ್ಬರೂ ಹೋಗಿರಿ, ಬರುತ್ತೇನೆ.’

ನೂರ ಹನ್ನೆರಡನೆಯ ಮೆಟ್ಟಿಲಲ್ಲಿ
ಎರಡು ಗೋಡೆಗಳ ಸಂದಿಗೆ ಒಂದು ಗೇಣು ಸಮುದ್ರ.
ಅದರೊಳಗೆ ಒಂದು ಕಂಟೇನರ್ ಹಡಗು
ತಿರುಗುತ್ತಿದೆ, ಇನ್ನೂ ತಿರುಗುತ್ತಿದೆ,
ಸಂದಿಯನ್ನು ದಾಟಿ ಮುಗಿಯುವವರೆಗೆ
ಅವಳು ಅಲ್ಲೇ.

ಮೇಲೆ ಸಿಲಿಂಡರ್ ಆಗಲೇ ತಲುಪಿ
ಗೇಟಿನ ಬಳಿ ನಿಂತಿದೆ.
ಕಾಯಲಿ.